ಟೇಪು ಕೊರಳಲ್ಲಿ, ದುಡ್ಡು ಬೀರುವಿನಲ್ಲಿ

ನಮ್ಮ ಯಜಮಾನರು ದರ್ಜಿ. ಬಟ್ಟೆಗೆ ಕತ್ತರಿ ಇಡುವ ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ, ಒರೆಸುತ್ತಾರೆ, ಮತ್ತೆ ಎಳೆಯುತ್ತಾರೆ. ಅದಕ್ಕೇ ಇಷ್ಟು ವರ್ಷದಲ್ಲಿ ಒಬ್ಬರ ಬಟ್ಟೆಯೂ ಕೆಟ್ಟಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಮಗಳ ಓದು ಮುಗಿದು, ಅವಳಿಗೆ ಕೆಲಸವೂ ಸಿಕ್ಕಿ, ಮೊದಲ ಸಲ ನಮ್ಮ ಕೈಯಲ್ಲಿ ನಾಲ್ಕು ಕಾಸು ಉಳಿಯಿತು ನೋಡಿ, ಅದಕ್ಕೂ ಇದೇ ಗೆರೆ, ಇದೇ ಒರೆಸಾಟ. ಅಳೆದೂ ಸುರಿದೂ ಒಂದು ವರ್ಷ ಕಳೆಯಿತು.

ದುಡ್ಡನ್ನು ಏನು ಮಾಡುವುದು ಎಂದು ಕೇಳುವುದಾದರೂ ಯಾರನ್ನು? ಅಳತೆ ಕೊಡಲು ಬಂದವರನ್ನು. ಕೊರಳಿಗೆ ಟೇಪು ಸುತ್ತಿದ ಮೇಲೆ ಪಾಪ, ಅವರು ಎಲ್ಲಿಗೆ ಓಡಿಯಾರು? ಶಾಲೆಯ ಮೇಷ್ಟ್ರು ಚಿನ್ನ ಕೊಳ್ಳಿ ಎಂದರು. ಔಷಧದಂಗಡಿಯವರು ಸೈಟು ಅಂದರು. ಬಸ್ ಕಂಡಕ್ಟರು, ದುಡ್ಡು ಬ್ಯಾಂಕಿನಲ್ಲೇ ಇಡಿ, ಮೊದಲು ನನ್ನ ಕೊರಳು ಬಿಡಿ ಎಂದ. ನಮ್ಮವರು ಎಲ್ಲದಕ್ಕೂ ಕೋಲೆಬಸವನಂತೆ ತಲೆಯಾಡಿಸಿದರು. ದುಡ್ಡು ಬೀರುವಿನಿಂದ ಅಲುಗಲಿಲ್ಲ.

ಅಂಗಡಿಯಲ್ಲಿ ಕಾಲಿನಿಂದ ತುಳಿಯುವ ಮಷೀನುಗಳು ಎರಡು. ಅವರದು ಕತ್ತರಿಸುವ ಕೆಲಸ. ಕಾಲರ್ ಕೂರಿಸುವಾಗ ಮಾತ್ರ ತಮ್ಮ ಮಷೀನಿಗೆ ಕೂರುತ್ತಾರೆ. ಮಿಕ್ಕ ಹೊಲಿಗೆಯೆಲ್ಲ ನನ್ನ ತಲೆಗೆ, ಅಲ್ಲ, ಕಾಲಿಗೆ. ಬಲ ಮಂಡಿ ಊದಿ, ಮೆಟ್ಟಿಲು ಹತ್ತುವಾಗ ಜೀವ ಹೋಗುತ್ತಿತ್ತು. ತುಳಿಯುವುದನ್ನು ನಿಲ್ಲಿಸದಿದ್ದರೆ ನಡೆಯುವುದೂ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಷೀನಿಗೊಂದು ಮೋಟಾರು ಹಾಕಿಸಿದರೆ ಸಾಕಿತ್ತು. ಹೇಳಿದಾಗಲೆಲ್ಲ ‘ನೋಡೋಣ’ ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹೆಂಡತಿಯ ಮಾತೂ ಹಾಗೇ. ಆಮೇಲಾಮೇಲೆ ಕೇಳಲು ನನಗೂ ಸ್ವಾಭಿಮಾನ ಅಡ್ಡ ಬಂತು.

ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್‌ನ ಎದೆ ಅಳೆಯುತ್ತ ಮತ್ತೆ ದುಡ್ಡಿನ ಅದೇ ರಾಗ ತೆಗೆದರು. ನನಗೆ ತಲೆ ಚಿಟ್ಟು ಹಿಡಿಯಿತು. ಎರಡೂ ಕಾಲೆತ್ತಿ ಸ್ಟೂಲಿನ ಮೇಲಿಟ್ಟೆ. ಮಷೀನು ನಿಂತಿತು.

“ರೀ, ಅಳೆದಿದ್ದು ಸಾಕು. ನನ್ನ ಮಂಡಿ ಇನ್ನು ಕಾಯಲ್ಲ.”

ಪೋಸ್ಟ್‌ಮ್ಯಾನ್ ನೆಲ ನೋಡಿದ. ಯಜಮಾನರು ಟೇಪು ಕೊರಳಲ್ಲಿ ಹಾಕಿಕೊಂಡೇ ಹೊರಟು, ಸಂಜೆಗೆ ಮೋಟಾರು ತಂದರು. ನನ್ನ ಕಣ್ಣು ತುಂಬಿತು. ತುಂಬಿದ್ದು ದಂಡ. ಮೋಟಾರು ಕೂರಿಸಿದ್ದು ಅವರ ಮಷೀನಿಗೆ!

“ಮೊದಲು ನನ್ನದರಲ್ಲಿ ಟ್ರಯಲ್ ನೋಡ್ತೀನಿ ಕಣೆ. ಸರಿಹೋದ್ರೆ ನಿನ್ನದಕ್ಕೂ ಯೋಚನೆ ಮಾಡೋಣ.”

ಇಂಥವರ ಜೊತೆ ಜಗಳವಾಡಿ ಏನು ಬಂತು? ಎದ್ದು, ಕುಂಟುತ್ತ ಹೋಗಿ, ಅವರ ಮಷೀನಿನ ಮುಂದೆ ಕೂತುಬಿಟ್ಟೆ. ಟ್ರಯಲ್ಲು ನಾನೇ ನೋಡುತ್ತೇನೆ ಎಂದೆ. ಶಾಲೆ ಶುರುವಾಗುವ ಕಾಲ. ಯೂನಿಫಾರ್ಮುಗಳು ರಾಶಿ ಬಿದ್ದಿದ್ದವು. ನನ್ನೊಬ್ಬಳಿಂದ ಆಗುವಂತಿರಲಿಲ್ಲ. ಗತಿಯಿಲ್ಲದೆ ಅವರು ನನ್ನ ಹಳೆಯ ಮಷೀನಿಗೆ ಕೂತು ತುಳಿಯತೊಡಗಿದರು.

ವಾರ ಕಳೆಯುವಷ್ಟರಲ್ಲಿ ಅವರ ಕೈ ಪದೇ ಪದೇ ಮಂಡಿ ಒತ್ತಿಕೊಳ್ಳುತ್ತಿತ್ತು. ಅಳತೆ ಕೊಡಲು ದಿನವೂ ಜನ ಬರುತ್ತಲೇ ಇದ್ದರು. ಎರಡನೆಯ ಮೋಟಾರು ತರುವಾಗ ಮಾತ್ರ ಅವರು ಒಬ್ಬರನ್ನೂ ಕೇಳಲಿಲ್ಲ.