ಕಂಪೌಂಡರ ಕಾಕಾ ಮತ್ತು ನಾಯಿಯಿಲ್ಲದ ಚೈನು

ನಮ್ಮ ಮನೆಗೆ ಮೊದಲ ಸಲ ಬಂದ ದಿನ ಕಂಪೌಂಡರ ಕಾಕಾ ಕುರ್ಚಿಯ ಮೇಲೆ ಕೂರಲಿಲ್ಲ. ಬಿಳಿ ಟೋಪಿ ತೆಗೆದು ಟೀಪಾಯಿಯ ಮೇಲಿಟ್ಟರು, ಧೋತರ ಸರಿಮಾಡಿಕೊಂಡರು, ಹಾಲ್‌ನ ನಟ್ಟನಡುವೆ ಟೈಲ್ಸ್ ಮೇಲೆ ಬೋರಲಾಗಿ ಮಲಗಿ ಗಲ್ಲವನ್ನು ನೆಲಕ್ಕೆ ಹಚ್ಚಿದರು. ಎಪ್ಪತ್ತು ದಾಟಿದ ಹಿರಿಯರು ಹೀಗೆ ಬಿದ್ದುಕೊಂಡದ್ದನ್ನು ಕಂಡು ನನ್ನ ಗಂಡ ನೀರು ತರಲು ಓಡಿದರು. ನಾನು ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದೆ.

"ಏನೂ ಆಗಿಲ್ರಿ ಬಾಯಾರ. ನಾಯಿ ಕಣ್ಣಿಲೆ ಮನಿ ನೋಡಾಕತ್ತೀನಿ," ಎಂದರು, ನೆಲದಿಂದಲೇ.

ಐದು ನಿಮಿಷ ಆ ಕಡೆ ಈ ಕಡೆ ತೆವಳಿ ಎದ್ದು ಕೂತು ವರದಿ ಒಪ್ಪಿಸಿದರು. ಟೈಲ್ಸ್ ಜಾರುತ್ತವೆ, ದೊಡ್ಡ ನಾಯಿ ಸೊಂಟ ಮುರಿದುಕೊಳ್ಳುತ್ತದೆ. ಬಾಲ್ಕನಿಗೆ ಮಧ್ಯಾಹ್ನವೆಲ್ಲ ಬಿಸಿಲು. ಸೋಫಾದ ಕೆಳಗೆ ಗಾಳಿ ಚೆನ್ನಾಗಿದೆ. ಅಲ್ಲಿ ಒಂದು ಚಪ್ಪಲಿ, ಎರಡು ಪೆನ್ನು ಮತ್ತು ಮೂರು ದಿನದ ಹಿಂದಿನದೊಂದು ಚಪಾತಿಯೂ ಇವೆ. ಆ ಚಪಾತಿಯ ವಿಷಯವನ್ನು ಅವರು ಮುಂದೆ ಯಾರ ಯಾರ ಮನೆಯಲ್ಲಿ ಹೇಳಿದರೋ, ನನಗೆ ಇವತ್ತಿಗೂ ನಾಚಿಕೆ.

ಕಾಕಾ ಚಿಕ್ಕೋಡಿಯ ದನದ ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಅವರ ನಿಜವಾದ ಹೆಸರು ಅಪ್ಪಾಸಾಹೇಬ. ಅದನ್ನು ಪೆನ್ಶನ್ ಕಚೇರಿಯವರು ಬಿಟ್ಟು ಯಾರೂ ಬಳಸಿದ್ದನ್ನು ನಾನು ಕೇಳಿಲ್ಲ. ನಾಯಿಗಳ ಜೊತೆ ಮರಾಠಿ ಮಾತಾಡುತ್ತಿದ್ದರು, ಎಮ್ಮೆಗಳ ಜೊತೆ ಕನ್ನಡ. ಯಾಕೆ ಎಂದರೆ, ಎಮ್ಮೆಗೆ ಮರಾಠಿ ಹೇಳಿ ನೋಡಿದ್ದೇನೆ, ಅದು ತಿರುಗಿಯೂ ನೋಡುವುದಿಲ್ಲ ಎನ್ನುತ್ತಿದ್ದರು. ನಿಪ್ಪಾಣಿಯಿಂದ ಅಥಣಿಯವರೆಗೆ ಯಾರು ನಾಯಿ ಸಾಕಬೇಕೆಂದರೂ ಇವರನ್ನು ಕೇಳುತ್ತಿದ್ದರು. ಇವರು ಮಾತ್ರ ನಾಯಿಯನ್ನು ತೋರಿಸುವ ಬದಲು ಕೇಳಲು ಬಂದವರ ಮನೆಯನ್ನೇ ನೋಡಲು ಹೊರಡುತ್ತಿದ್ದರು, ಹೆಣ್ಣು ಕೊಡುವವರ ಹಾಗೆ.

ಕೇಳದೆ ನಾಯಿ ತಂದವರ ಕತೆಯನ್ನು ಅವರು ಬಹಳ ಸಂತೋಷದಿಂದ ಹೇಳುತ್ತಿದ್ದರು. ನಿಪ್ಪಾಣಿಯ ಒಬ್ಬ ಗುತ್ತಿಗೆದಾರ ಎರಡನೇ ಮಹಡಿಯ ಫ್ಲ್ಯಾಟಿಗೆ ಹಿಮದ ನಾಡಿನ ನಾಯಿ ತಂದ, ಹಸ್ಕಿ ಎಂಬುದನ್ನು. ಮೈತುಂಬ ಕಂಬಳಿಯಂಥ ಕೂದಲು, ನೀಲಿ ಕಣ್ಣು. ಬೇಸಿಗೆ ಬಂತು, ಮನೆಯಲ್ಲಿ ಎ.ಸಿ. ಹಾಕಿಸಿದ, ಕರೆಂಟು ಹೋಯಿತು. ಕೊನೆಗೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಾಯಿಯನ್ನು ಕಾರಿನಲ್ಲಿ ಕೂರಿಸಿ ಎ.ಸಿ. ಹಚ್ಚಿ ಡ್ರೈವರ್ ಊರು ಸುತ್ತಿಸತೊಡಗಿದ. "ನಾಯಿ ಕಾರಿನಾಗ ಕುಂತ ಕೈ ಮಾಡೂದೊಂದ ಬಾಕಿ, ಮಾಲಕ ಹಿಂದ ಬೈಕಿನ ಮ್ಯಾಲ," ಎಂದು ಹೇಳಿ ಕಾಕಾ ಟೋಪಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ನಮಗೆ ನಾಯಿ ಬೇಕಾದದ್ದು ಶೋಕಿಗಲ್ಲ. ನಾನು ಚಿಕ್ಕೋಡಿಯ ಕೋರ್ಟಿನಲ್ಲಿ ಟೈಪಿಸ್ಟ್, ಗಂಡ ರಾಯಬಾಗದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಹನ್ನೊಂದು ವರ್ಷದ ಮಗಳು ಸಾನಿಕಾ ಅಲ್ಲಿಯವರೆಗೆ ಬೆಳೆದದ್ದು ತೋಟದ ಮನೆಯಲ್ಲಿ, ಹದಿನೆಂಟು ಜನರ ನಡುವೆ. ಮೂರನೇ ಮಹಡಿಯ ಈ ಫ್ಲ್ಯಾಟಿಗೆ ಬಂದ ಮೇಲೆ ಅವಳು ನಾಲ್ಕೂವರೆಗೆ ಶಾಲೆಯಿಂದ ಬಂದರೆ ಬೀಗದ ಕೈ ಕೊರಳಲ್ಲೇ ಇದ್ದರೂ ಒಳಗೆ ಹೋಗುತ್ತಿರಲಿಲ್ಲ. ನಾನು ಆರೂವರೆಗೆ ಬರುವವರೆಗೆ ಮೆಟ್ಟಿಲ ಮೇಲೆ ಚೀಲ ಅಪ್ಪಿಕೊಂಡು ಕೂತಿರುತ್ತಿದ್ದಳು. ಖಾಲಿ ಮನೆ ಅವಳಿಗೆ ಭಯ. ನಾಯಿ ಇದ್ದರೆ ಹೋಗುತ್ತೇನೆ ಎಂದಿದ್ದಳು.

ಯಾವ ನಾಯಿ ಎಂಬುದರಲ್ಲಿ ಮಾತ್ರ ಮೂವರಿಗೂ ಮೂರು ದಾರಿ. ಗಂಡನಿಗೆ ಮುಧೋಳ ನಾಯಿ ಬೇಕು, ನಮ್ಮ ಸೀಮೆಯ ಮರ್ಯಾದೆಯ ಪ್ರಶ್ನೆ. ಕಾಕಾ ಹಾಲ್‌ನ ಉದ್ದ ನೋಡಿದರು. "ಅದಕ್ಕ ಓಡಾಕ ಹೊಲ ಬೇಕು, ಹಿಡ್ಯಾಕ ಮೊಲ ಬೇಕು. ಇಲ್ಲಿ ಏನ ಹಿಡಿತೈತ್ರಿ ಸಾಹೇಬ್ರ, ಟಿವಿ ರಿಮೋಟ?" ನಾನು ಜಾಹೀರಾತಿನಲ್ಲಿ ಬರುವಂಥ ಲ್ಯಾಬ್ರಡಾರ್ ಎಂದೆ. ತಿನ್ನುವುದು, ಮಲಗುವುದು, ದಪ್ಪಗಾಗುವುದು, ಆ ಕೆಲಸಕ್ಕೆ ಈ ಮನೆಯಲ್ಲಿ ಜಾಗ ಖಾಲಿ ಇದೆಯೇ ಎಂದು ಕೇಳಿ ನನ್ನ ಗಂಡನ ಹೊಟ್ಟೆಯನ್ನು ವಿನಯದಿಂದ ನೋಡಿದರು. ಸಾನಿಕಾಳ ಬಿಳಿ ಪೊಮೆರೇನಿಯನ್ ಕೂಡ ಉಳಿಯಲಿಲ್ಲ. ಮೆಟ್ಟಿಲ ಮೇಲೆ ಯಾರು ಹೆಜ್ಜೆ ಇಟ್ಟರೂ ಅದು ಬೊಗಳುತ್ತದೆ, ಎಂಟು ದಿನಕ್ಕೆ ಎದುರು ಮನೆಯವರು ನಿಮ್ಮದೇ ಕೋರ್ಟಿಗೆ ಬರುತ್ತಾರೆ ಎಂದರು.

"ನಾಯಿ ಆಮ್ಯಾಲೆ. ಮೊದಲ ಮಂದಿ ಪಾಸಾಗಲಿ," ಎಂದು ಹೇಳಿ ಚೀಲದಿಂದ ಒಂದು ಹಳೆಯ ಚೈನು ತೆಗೆದುಕೊಟ್ಟರು. ನಾಯಿ ಇಲ್ಲ, ಬರೀ ಚೈನು. ಹದಿನೈದು ದಿನ ಅದನ್ನು ಹಿಡಿದು ಅರ್ಧರ್ಧ ತಾಸು ತಿರುಗಬೇಕು. ಮುಂಜಾನೆ ಆರಕ್ಕೆ ನಾನು, ಶಾಲೆಯಿಂದ ಬಂದ ಕೂಡಲೇ ಸಾನಿಕಾ, ಊಟಕ್ಕೆ ಮೊದಲು ಗಂಡ. ತಿರುಗಿ ಬಂದ ಮೇಲೆ ಚೈನನ್ನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೇ ಹಾಕಬೇಕು, ಬೇರೆಲ್ಲೂ ಅಲ್ಲ. ಒಂದು ದಿನ ತಪ್ಪಿದರೂ ನಾಯಿ ಇಲ್ಲ.

ಖಾಲಿ ಚೈನು ಎಳೆಯುತ್ತ ಚಿಕ್ಕೋಡಿಯ ಬೀದಿಯಲ್ಲಿ ನಡೆಯುವುದು ಸಣ್ಣ ಕೆಲಸವಲ್ಲ. ಮೊದಲ ದಿನವೇ ಹಾಲು ಹಾಕುವವನು ಗಾಡಿ ನಿಲ್ಲಿಸಿ ಯಾವ ಬಣ್ಣದ ನಾಯಿ ಎಂದು ವಿಚಾರಿಸಿದ, ನನ್ನ ಜೊತೆ ಎರಡು ಗಲ್ಲಿ ಹುಡುಕಿದ. ಕಾಯಿಪಲ್ಲೆಯ ಅಜ್ಜಿ ನನ್ನ ಕೈ ಹಿಡಿದು, ಹೋದ ನಾಯಿ ಬರುತ್ತದೆ, ಅಳಬೇಡ ಎಂದು ಸಮಾಧಾನ ಹೇಳಿದಳು. ಮೂರನೆಯ ದಿನ ಒಬ್ಬ ವಕೀಲರು ಕೋರ್ಟಿನಲ್ಲಿ ಮೆಲ್ಲಗೆ, ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ ಬಾಯಾರ ಎಂದು ಕೇಳಿದರು. ಗಂಡ ಕತ್ತಲಾದ ಮೇಲೆ, ಚೈನನ್ನು ಕಿಸೆಯೊಳಗೆ ಮಡಚಿಟ್ಟುಕೊಂಡು ತಿರುಗಿ ಬರುತ್ತಿದ್ದರು. ಅದೂ ಗೊತ್ತಾಗಿ ಕಾಕಾ ಅವರಿಗೆ ಎರಡು ದಿನ ಹೆಚ್ಚು ಹಾಕಿದರು.

ನಾಲ್ಕನೆಯ ದಿನ ಆರೂವರೆಗೆ ಬಂದು ನೋಡಿದರೆ ಮೆಟ್ಟಿಲ ಮೇಲೆ ಸಾನಿಕಾ ಇರಲಿಲ್ಲ. ಕೈಚೀಲ ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದೆ. ಒಳಗೆ ಹೋದರೆ ಟಿವಿ ಹಚ್ಚಿಕೊಂಡು ಚುರುಮುರಿ ತಿನ್ನುತ್ತಿದ್ದಾಳೆ. ಚೈನು ಅಡುಗೆಮನೆಯಲ್ಲಿತ್ತು, ತರಲು ಒಳಗೆ ಹೋಗಲೇಬೇಕಾಯಿತು, ಮೊದಲ ಮೂರು ದಿನ ಓಡಿಹೋಗಿ ಓಡಿಬಂದಳಂತೆ, ಇವತ್ತು ನೀರಡಿಕೆಯಾಯಿತಂತೆ, ಕೂತಳಂತೆ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇದನ್ನೆಲ್ಲ ಯೋಚಿಸಿಯೇ ಮೊಳೆಯ ಜಾಗ ಹೇಳಿದಿರಾ ಎಂದು ಆಮೇಲೆ ಕಾಕಾನನ್ನು ಕೇಳಿದೆ. "ನನಗೇನ ತಿಳಿತೈತ್ರಿ. ನಾ ದನದ ಕಂಪೌಂಡರ," ಎಂದುಬಿಟ್ಟರು.

ಹದಿನೇಳನೆಯ ದಿನ ನಾಯಿ ಬಂತು. ಜಾತಿ ನಾಯಿ ಅಲ್ಲ, ಮರಿಯೂ ಅಲ್ಲ. ಕಂದು ಬಣ್ಣದ ಐದು ವರ್ಷದ ಹೆಣ್ಣು, ಒಂದು ಕಿವಿ ನೆಟ್ಟಗೆ, ಒಂದು ಜೋತು. ಕುಡಚಿಯ ಒಬ್ಬ ದರ್ಜಿ ಸಾಕಿದ್ದು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿ ಮಿರಜಿನ ಮಗಳ ಮನೆಗೆ ಹೊರಟಿದ್ದ ಅವನು, ಇವಳಿಗೊಂದು ನೆಲೆ ನೋಡಿರಿ ಎಂದು ಕಾಕಾನ ಕೈ ಹಿಡಿದಿದ್ದನಂತೆ. ಹೆಸರು ಬಾಬಿನ್, ಹೊಲಿಗೆ ಮಶೀನಿನೊಳಗಿನ ದಾರದ ಗಾಲಿಯದ್ದೇ. "ಐದ ವರ್ಷ ಮಶೀನ್ ಬುಡಕ ಸಂಸಾರ ಮಾಡ್ಯಾಳ. ಗದ್ಲಕ್ಕ ಅಂಜಂಗಿಲ್ಲ, ಗಿರಾಕಿಗೆ ಬೊಗಳಂಗಿಲ್ಲ. ನಿಮ್ಮ ಫ್ಲ್ಯಾಟ್ ಇಕಿಗೆ ಅರಮನಿಯಂಥಾ ವಾಡೇ ಆತು," ಎಂದರು ಕಾಕಾ. ಖರೇ ಮಾತು. ಎದುರು ಮನೆಯವರಿಗೆ ನಾಯಿ ಬಂದದ್ದು ತಿಳಿಯಲು ಒಂದು ತಿಂಗಳು ಬೇಕಾಯಿತು. ನಾನು ಮಿಕ್ಸಿ ಹಚ್ಚಿದರೆ ಬಾಬಿನ್ ಬಂದು ಕಟ್ಟೆಯ ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಳು.

ಕಾಕಾ ತಿಂಗಳಿಗೊಮ್ಮೆ ಬಂದು ಅವಳ ಹಲ್ಲು ನೋಡಿ, ಮರಾಠಿಯಲ್ಲಿ ಕ್ಷೇಮ ವಿಚಾರಿಸಿ, ಸಕ್ಕರೆ ಇಲ್ಲದ ಚಹಾ ಕುಡಿದು ಹೋಗುತ್ತಿದ್ದರು. ಕಳೆದ ದೀಪಾವಳಿ ಮುಗಿದ ಮೇಲೆ ಬಂದಾಗ ಸಾನಿಕಾ, ಊರಿಗೆಲ್ಲ ನಾಯಿ ಕೊಡಿಸುತ್ತೀರಿ, ನಿಮ್ಮ ಮನೆಯಲ್ಲಿ ಯಾಕಿಲ್ಲ ಎಂದು ಕೇಳಿದಳು.

"ನನ್ನ ಮನೀನೂ ನೋಡೀನಿ ಬಾಳಾ. ಮನಿ ಪಾಸ್, ಮನಿಷ್ಯಾ ಫೇಲ್. ನಾಯಿಗೆ ಹತ್ತ ವರ್ಷದ ಮಾಲಕ ಬೇಕು. ನನ್ನ ಕಡೆ ಅಷ್ಟ ಇಲ್ಲ."

ಹೇಳಿ ಅವರೇ ನಕ್ಕರು. ನಮಗೆ ನಗು ಬರಲಿಲ್ಲ. ಮೆಟ್ಟಿಲು ಇಳಿಯುವಾಗ ಅವರು ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು; ಅದೇ ಕೊನೆಯ ಭೇಟಿ.

ಹೋದ ತಿಂಗಳು ಕೋರ್ಟಿನಲ್ಲಿದ್ದಾಗ ಸಾನಿಕಾಳ ಫೋನು ಬಂತು. ಕಾಕಾ ಮುಂಜಾನೆ ತೀರಿಕೊಂಡರಂತೆ, ಕೆಳಗಿನ ಮನೆಯವರು ಹೇಳಿದರಂತೆ. ಅವಳ ದನಿ ಒಡೆದಿತ್ತು. ನಾನು ಈಗಲೇ ರಜೆ ಹಾಕಿ ಬರುತ್ತೇನೆ, ಅಲ್ಲಿಯವರೆಗೆ ಎದುರು ಮನೆಯಲ್ಲಿ ಕೂತಿರು ಎಂದೆ.

"ಬ್ಯಾಡ ಮಮ್ಮಿ," ಎಂದಳು. "ನೀ ಮೊದಲ ಕಾಕಾನ ಮನೀಗೆ ಹೋಗು, ಸಾವಕಾಶ ಬಾ. ಇಲ್ಲಿ ನಾ ಒಬ್ಬಾಕಿ ಇಲ್ಲ."