ದಾಕು ಹಾಕುವವರು ಬಂದಾಗ

ಮಗಳ ಮೂಗಿನ ಹೊಳ್ಳೆಗಳು ಪ್ರತಿ ಉಸಿರಿಗೂ ಅರಳುತ್ತಿರುವುದನ್ನು ಬೆಳಿಗ್ಗೆಯೇ ನೋಡಿದ್ದೆ. ಜ್ವರಕ್ಕೆ ಹಾಗಾಗುತ್ತಿರಬೇಕು ಎಂದುಕೊಂಡು ಒದ್ದೆಬಟ್ಟೆ ಬದಲಿಸಿದೆ. ಎಂಟು ವರ್ಷದವಳು, ಮೈತುಂಬ ನೀರುಗುಳ್ಳೆ, ನಡುಮನೆಯ ಚಾಪೆಯ ಮೇಲೆ ಬೇವಿನ ಸೊಪ್ಪಿನ ಮಧ್ಯೆ ಮಲಗಿದ್ದಳು. ಗುಳ್ಳೆಗಳು ಒಣಗುತ್ತ ಬಂದಿದ್ದವು. ಕೆಮ್ಮು ಮಾತ್ರ ಹೆಚ್ಚುತ್ತಿತ್ತು.

"ಅಮ್ಮ ಬಂದವ್ಳೆ ಕಣವ್ವ. ಇರಾಷ್ಟು ದಿನ ಇದ್ದು ಓಯ್ತಾಳೆ. ನೀನು ಎದ್ರುಬ್ಯಾಡ" ಅಂದಿದ್ದರು ಅತ್ತೆ.

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಅದನ್ನು ಕಾಯಿಲೆ ಎನ್ನುವಂತಿಲ್ಲ. ಅಮ್ಮ ಇರುವಷ್ಟು ದಿನ ಒಗ್ಗರಣೆ ಹಾಕಬಾರದು, ತಲೆ ಬಾಚಬಾರದು, ಟಿವಿ ಹಚ್ಚಬಾರದು. ಡಾಕ್ಟರ ಹತ್ತಿರ ಹೋದರೆ ಅವಳಿಗೆ ಸಿಟ್ಟು. ಹೊರಗಿನಿಂದ ಬಂದವರು ಹೊಸಿಲು ದಾಟಬಾರದೆಂದು, ಅಂಗಡಿ ಕೆಲಸಕ್ಕೆ ಮಾಗಡಿಗೆ ಹೋಗಿದ್ದ ನನ್ನ ಯಜಮಾನರನ್ನೂ ಅತ್ತೆ ಅಲ್ಲೇ ನೆಂಟರ ಮನೆಯಲ್ಲಿ ನಿಲ್ಲಿಸಿದ್ದರು. ನಾನು ಫೋನಿನಲ್ಲಿ ಕೆಮ್ಮಿನ ವಿಷಯ ಎತ್ತಿದರೆ ಅವರು, "ಅವ್ವ ಹೇಳ್ದಂಗೆ ಮಾಡು, ಇಂಥವು ಎಷ್ಟು ನೋಡಿಲ್ಲ ಅವ್ರು" ಅಂದರು. ಹೂಂ ಅಂದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ದೊಡ್ಡವರು ಹೇಳಿದ ಮೇಲೆ ಸಾಲಿನಲ್ಲಿ ನಿಲ್ಲುವುದು ಅಭ್ಯಾಸವಾಗಿತ್ತು.

ಟಿವಿ ಇಲ್ಲದ ಆ ಮಧ್ಯಾಹ್ನಗಳಲ್ಲಿ ಅತ್ತೆಯ ಬೇಸರ ಕಳೆಯಲು ಲೈಬ್ರರಿಯಿಂದ ತಂದಿದ್ದ ಪುಸ್ತಕವೊಂದನ್ನು ಗಟ್ಟಿಯಾಗಿ ಓದುತ್ತಿದ್ದೆ. ದೇಶ ಸ್ವತಂತ್ರವಾದ ಹೊಸದರಲ್ಲಿ ಊರೂರು ತಿರುಗಿ ಸಿಡುಬಿಗೆ ದಾಕು, ಅಂದರೆ ಲಸಿಕೆ, ಹಾಕುತ್ತಿದ್ದ ಹೆಂಗಸೊಬ್ಬಳು ಬರೆದುಕೊಂಡ ನೆನಪುಗಳು. ನಮ್ಮ ಶಾಲೆಯ ಇತಿಹಾಸದ ಪುಸ್ತಕ ಬಾವುಟ ಏರಿಸುವ ಚಿತ್ರಕ್ಕೆ ಮುಗಿದುಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಏನಾಯಿತು ಎಂದು ಸಿಸ್ಟರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಆ ಮರುದಿನ ಈ ಪುಸ್ತಕದಲ್ಲಿತ್ತು. ಕೆಸರಲ್ಲಿ ಹೂತ ಜೀಪು, ಸ್ಪಿರಿಟ್ ದೀಪದಲ್ಲಿ ಕಾಯಿಸಿದ ಸೂಜಿ, ಒಳಗೆ ಮಕ್ಕಳ ಗಲಾಟೆ ಕೇಳುತ್ತಿದ್ದರೂ ಮಕ್ಕಳೇ ಇಲ್ಲವೆಂದು ಮುಚ್ಚಿಕೊಂಡ ಬಾಗಿಲು. ಕಂದಾಯ ಕೇಳುವವರನ್ನಷ್ಟೇ ಸರ್ಕಾರವೆಂದು ತಿಳಿದಿದ್ದ ಜನರ ಮುಂದೆ ನಿಂತು, ನಿಮ್ಮ ಮಗುವಿನ ತೋಳು ಕೊಡಿ ಎಂದು ಕೇಳಬೇಕಿತ್ತು ಅವಳು.

"ಒಬ್ಳೇ ತಿರುಗ್ತಿದ್ಲಾ? ಮದ್ವೆಗಿದ್ವೆ ಆಗ್ಲಿಲ್ವಾ?" ಅತ್ತೆ ಕೇಳುತ್ತಿದ್ದರು. "ಗಟ್ಟಿಗಿತ್ತಿ ಬುಡು. ನೀನು ಬಸ್‌ಸ್ಟ್ಯಾಂಡಿಗೆ ಓಗಕ್ಕೂ ಜೊತೆ ಕೇಳ್ತೀಯ."

ಅಂದಿನ ಅಧ್ಯಾಯದಲ್ಲಿ ತಾಯಿಯೊಬ್ಬಳು ಕಾಯಿಲೆಯ ಮಗುವನ್ನು ರಾಗಿ ತುಂಬಿಡುವ ದೊಡ್ಡ ವಾಡೆಯ ಹಿಂದೆ ಬಚ್ಚಿಟ್ಟಿರುತ್ತಾಳೆ. ದಾಕಿನವಳಿಗೆ ಮಗು ಕಾಣುವ ಮೊದಲು ಅದರ ಉಸಿರು ಕೇಳಿಸುತ್ತದೆ. ಮೂಗಿನ ಹೊಳ್ಳೆ ಅರಳುತ್ತಿದ್ದದ್ದು, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದದ್ದು, ಎಲ್ಲವನ್ನೂ ಅವಳು ಬರೆದಿದ್ದಳು.

ಪುಸ್ತಕದಿಂದ ತಲೆ ಎತ್ತಿ ಮಗಳ ಅಂಗಿಯನ್ನು ಒಂದಿಷ್ಟು ಮೇಲೆ ಸರಿಸಿದೆ. ಗುಳಿ ಬೀಳುತ್ತಿತ್ತು.

ಇದು ಸಿಡುಬಲ್ಲ, ಸಿಡುಬು ದೇಶ ಬಿಟ್ಟು ಎಷ್ಟೋ ಕಾಲವಾಯಿತು, ಇದು ಚಿಕನ್ ಪಾಕ್ಸ್ ಎಂದು ನನಗೆ ಗೊತ್ತಿತ್ತು. ಆದರೂ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿ ಮುಂದಿನ ಸಾಲುಗಳನ್ನು ಮನಸ್ಸಿನಲ್ಲೇ ಓದಿದೆ.

"ಯಾಕ್ ನಿಲ್ಲುಸ್ಬುಟ್ಟೆ? ಆ ಕೂಸು ಏನಾಯ್ತು?"

ನನ್ನ ಕಣ್ಣು ಆಗಲೇ ಪುಟದ ಕೊನೆಗೆ ಓಡಿತ್ತು. ಅಮ್ಮ ಇರುವ ಮನೆಯಲ್ಲಿ ಅಂಥ ಮಾತು ಆಡಬಾರದು. ಆಡಿಬಿಟ್ಟೆ. "ಉಳೀಲಿಲ್ಲ ಅತ್ತೆ."

ಬೈಯುತ್ತಾರೆಂದು ಕಾದೆ. ಅತ್ತೆಯ ಮುಖದ ತುಂಬ ಸಿಡುಬಿನ ಕಲೆ. ಮದುವೆಯಾಗಿ ಬಂದಂದಿನಿಂದ ನೋಡಿದ್ದೇನೆ, ಒಮ್ಮೆಯೂ ಕೇಳಿದವಳಲ್ಲ. ಆ ಕೆನ್ನೆಯನ್ನು ಅವರು ಅಂಗೈಯಿಂದ ಒರೆಸಿಕೊಂಡರು.

"ಬೈರಮಂಗಲದ ತಾವ ನಮ್ಮೂರ್ಗೂ ದಾಕು ಹಾಕೋರು ಬಂದಿದ್ರು. ನಮ್ಮವ್ವ ನನ್ನೂ ನನ್ ತಂಗೀನೂ ಅಟ್ಟಕ್ಕೆ ಅತ್ತುಸ್ಬುಟ್ಟು ಏಣಿ ತಗುದ್ಬುಟ್ಳು. ಅವ್ರು ಒಂಟೋದ್ಮೇಲೆ ನಾವಿಬ್ರೂ ನಗಾಡ್ಕಂಡು ಇಳುದೋ. ಆ ಬ್ಯಾಸ್ಗೇಲೇ ಅಮ್ಮ ಬಂದ್ಳು. ನನ್ನ ಬುಟ್ಳು. ಅದ್ನ ಕರ್ಕಂಡೋದ್ಳು."

ಮಗಳ ಎದೆಯ ಮೇಲೆ ಕೈಯಿಟ್ಟು ಅತ್ತೆ ಕುಳಿತರು. ಅವರ ಬೆರಳುಗಳು ಉಸಿರಿನ ಜೊತೆ ಒಳಗಿಳಿದು ಏಳುತ್ತಿದ್ದವು.

"ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗ್ ಬಿದ್ದು ಒತ್ತು ಕಳೀಬ್ಯಾಡ. ಆಟೋ ಕರಿ."

ಬೀದಿಯ ತುದಿಯಿಂದ ಬಂದ ಆಟೋದವನು ನಮ್ಮ ಬಾಗಿಲಿನ ಬೇವಿನ ಸೊಪ್ಪು ನೋಡಿ ಹಿಂದೆ ಸರಿದ. "ಅಮ್ಮ ಆಗಿರೋ ಮಗೀನ ಆಚೆ ಕರ್ಕಂಡು ಓದಾರಾ ಅಜ್ಜಿ? ನಮ್ಮನೇಲೂ ಚಿಕ್ ಮಕ್ಳವೆ."

"ನಿನ್ ಮಕ್ಳಿಗೆ ಇಂಗೆ ಉಸ್ರು ಕಟ್ಟುದ್ರೆ ಬೇವಿನ್ ಸೊಪ್ಪು ಎಣುಸ್ತಾ ಕುಂತಿರ್ತೀಯೇನ್ಲಾ? ಆಮೇಲೆ ತೊಳ್ಕೊ ಗಾಡಿಯ. ಈಗ ತೆಗಿ."

ಅವನು ತೆಗೆದ. ರಾಮನಗರದ ಜಿಲ್ಲಾ ಆಸ್ಪತ್ರೆಯವರೆಗೆ ಮಗಳು ನನ್ನ ಮಡಿಲಲ್ಲಿದ್ದಳು. ಉಗುರು ನೀಲಿಯಾಗಿದೆಯೇ ನೋಡಬೇಕೆಂದು ಅವಳ ಕೈ ಹಿಡಿದರೆ, ಕಾಯಿಲೆಗೆ ಮುಂಚೆ ಹಚ್ಚಿಕೊಂಡಿದ್ದ ಗುಲಾಬಿ ಬಣ್ಣ ಅಡ್ಡ ಇತ್ತು. ಹೆಬ್ಬೆರಳಿನ ಬಣ್ಣವನ್ನು ನನ್ನ ಉಗುರಿನಿಂದ ಕೆರೆಯುತ್ತಾ ಕುಳಿತೆ. ಒಂದು ಚೂರೂ ಸರಿಯಾಗಿ ಏಳಲಿಲ್ಲ. ಕೆಂಗಲ್ ಬಂದಾಗ ಅತ್ತೆ ದೇವಸ್ಥಾನದ ಕಡೆ ಕೈಮುಗಿದು, "ಇವತ್ತು ಇಳ್ಯಾಕಿಲ್ಲ ಕಣಪ್ಪ, ಕೋಪ ಮಾಡ್ಕಬ್ಯಾಡ" ಅಂದರು. ಆಟೋದವನು ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಕೇಳಿದರು. "ನ್ಯುಮೋನಿಯಾ. ತುಂಬಾ ಸುಸ್ತಾಗಿದಾಳೆ. ನಾಳೆ ನೋಡಿ ಹೇಳ್ತೀನಿ, ಈಗ ಏನೂ ಹೇಳಕ್ಕಾಗಲ್ಲ." ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ಅದರೊಳಗೆ ಆವಿ ಕಟ್ಟುವುದನ್ನು, ಕರಗುವುದನ್ನು ನೋಡುತ್ತಾ ನಿಂತೆ. ಯಜಮಾನರು ಮಾಗಡಿಯಿಂದ ಬಸ್ಸು ಹಿಡಿದಿದ್ದರು. ಅವರನ್ನು ಬರಹೇಳಿದ್ದು ಅತ್ತೆಯೇ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಉಸಿರಿನ ವೇಗ ತಗ್ಗಿತು. "ಪರವಾಗಿಲ್ಲ, ಚೇತರಿಸ್ಕೊತಾಳೆ" ಅಂದರು ಡಾಕ್ಟರು. ನನಗೆ ನಂಬಿಕೆ ಬರಲಿಲ್ಲ; ಹೊದಿಕೆ ಸರಿಸಿ ಸರಿಸಿ ಪಕ್ಕೆ ನೋಡುತ್ತಲೇ ಇದ್ದೆ. ಈಗಲೂ ಅವಳು ಮಲಗಿದಾಗ ನೋಡುತ್ತೇನೆ.

ಮಂಚದ ಆಚೆ ಬದಿಯಲ್ಲಿ ಕುಳಿತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು: "ಆಮ್ಯಾಕೆ ಏನ್ ಮಾಡುದ್ಲು ಆ ದಾಕು ಹಾಕೋ ಆಯಮ್ಮ? ಆ ಕೂಸು ಓದ್ಮೇಲೆ ಆ ಊರು ಬುಟ್ಬುಟ್ಲಾ?"

"ಬುಕ್ಕು ಮನೇಲೇ ಉಳೀತು ಅತ್ತೆ. ಅದೇ ಊರಿಗೆ ಮತ್ತೆ ಹೋದ್ಲು ಅಂತ ಆ ಪುಟದ ಕೊನೇಲಿತ್ತು."

"ನಮ್ಮೂರ್ಗೂ ಬಂದ್ರು, ಎರಡ್ನೇ ಸಲಿ." ಅತ್ತೆ ಮಗಳ ಹೊದಿಕೆಯನ್ನು ನನ್ನ ಕೈಯಿಂದ ಬಿಡಿಸಿ ಮತ್ತೆ ಹೊದಿಸಿದರು. "ಜೀಪಿನ್ ಸದ್ದು ಕೇಳಿ ನಾನು ಏಣಿ ತಾವ್ಕೆ ಓಡ್ದೆ. ನಮ್ಮವ್ವ ಕೈ ಇಡ್ಕಂಡ್ಳು. ಆಗ ನನ್ ತಮ್ಮ ಉಟ್ಟಿ ಒಸಿ ದಿನ ಆಗಿತ್ತು. ಅವನ್ನ ಎತ್ಕಂಡು ಎಲ್ರಿಗಿಂತ ಮುಂದಾಗಿ ಬೀದೀಗೋಗಿ ನಿಂತ್ಕಂಡ್ಳು."