ಮೂರನೆಯ ಕರೆ

ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಣ್ಣಕ್ಕೆ ಒಂದು ವಾಸನೆಯಿದೆ. ಮೊದಲು ಅಡುಗೆಮನೆಯದು ಅನ್ನಿಸುತ್ತದೆ, ಆಮೇಲೆ ಸುಣ್ಣದ್ದು, ಕೊನೆಗೆ ಮೂಗಿನೊಳಗೆ ಉಳಿಯುವುದು ಯಾರದೋ ಬೆವರಿನದು. ಕಾರವಾರದ ಹಬ್ಬುವಾಡದಲ್ಲಿ ಮಗಳ ಮನೆಯಲ್ಲಿದ್ದೇನೆ. ಹೋದ ತಿಂಗಳು ಒಂದು ದಿನ ಮೊಮ್ಮಗಳು ಅನಘಾಳ ಚೀಲದಿಂದ ನೀರಿನ ಬಾಟಲಿ ತೆಗೆಯಲು ಹೋದಾಗ ಆ ವಾಸನೆ ಬಂತು. ಬಾಟಲಿಗೆ ಅಂಟಿಕೊಂಡು ಒಂದು ಕಾಗದ, ಅದರ ಮೂಲೆಯಲ್ಲಿ ಹಳದಿ ಬೆರಳಚ್ಚು. ಯಕ್ಷಗಾನ ಮಂಡಳಿಯವರು ಪಾಲಕರಿಗೆ ಕಳಿಸಿದ ಸುದ್ದಿ ಪತ್ರ. ಈ ವರ್ಷ ಕಾರವಾರದಲ್ಲೂ ಅಂಕೋಲೆಯಲ್ಲೂ ಬೇಸಿಗೆ ತರಬೇತಿ ನಡೆದಿದೆ, ಹುಡುಗಿಯರೇ ಹೆಚ್ಚು ಬಂದಿದ್ದಾರೆ, ಮಳೆಗಾಲದಲ್ಲಿ ಶಾಲೆಗಳಲ್ಲೂ ಮುಂದುವರಿಸುವ ವಿಚಾರವಿದೆ, ಬರುವ ರವಿವಾರ ಮಧ್ಯಾಹ್ನ ಶಾಲೆಯ ಸಭಾಗೃಹದಲ್ಲಿ ಮಕ್ಕಳ ಆಟ, ಹಳೆಯ ಪಂಚೆಯೊಂದನ್ನು ಕೊಟ್ಟು ಕಳಿಸಿ. ಇಷ್ಟರವರೆಗೆ ಸರಿ. ಕೆಳಗೆ ಪ್ರಸಂಗದ ಹೆಸರಿತ್ತು: ಹುತ್ತದ ಅರಸುಕುಮಾರ. ಬರೆದವರು ಎಂಬಲ್ಲಿ ನನ್ನ ಅಜ್ಜನ ಹೆಸರು. ಅರಸುಕುಮಾರ ಎಂಬುದರ ಮುಂದೆ ಅನಘಾ ಪೆನ್ಸಿಲಿನಲ್ಲಿ ‘ನಾನೇ’ ಎಂದು ಬರೆದುಕೊಂಡಿದ್ದಳು. ಬಾಟಲಿ ಕೈಯಿಂದ ಜಾರಿತು. ಮಗಳು ಒಳಗಿನಿಂದ ಏನಾಯಿತು ಎಂದು ಕೇಳಿದಳು. ನೀರು ಚೆಲ್ಲಿತು ಎಂದೆ.

ಅಂಕೋಲೆಯಿಂದ ಗಂಗಾವಳಿ ಹೊಳೆಯ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆಯಿತ್ತು. ಹೆದ್ದಾರಿ ಅಗಲವಾದಾಗ ಹೋಯಿತು. ಈಗ ಅಲ್ಲಿ ಲಾರಿಗಳು ವೇಗ ಹೆಚ್ಚಿಸಿಕೊಳ್ಳುತ್ತವೆ. ಮನೆ ದೊಡ್ಡದಿತ್ತು ಎಂದು ಬರೆಯಲು ಹೊರಟು ಕೈ ತಡೆಯುತ್ತೇನೆ. ದೊಡ್ಡದಿತ್ತೋ, ನಾನು ಸಣ್ಣವಳಿದ್ದೆನೋ. ಅಂಗಳ ಮಾತ್ರ ನಿಜವಾಗಿ ದೊಡ್ಡದು, ಏಕೆಂದರೆ ಮೇ ತಿಂಗಳಲ್ಲಿ ಹನ್ನೆರಡು ಹುಡುಗರು ಅಲ್ಲಿ ಒಬ್ಬರಿಗೊಬ್ಬರು ತಾಗದೆ ಕುಣಿಯುತ್ತಿದ್ದರು. ಅಜ್ಜ ಮೇಳದ ಭಾಗವತ. ಆಟವಿಲ್ಲದ ದಿನಗಳಲ್ಲಿ ಗದ್ದೆ ಬೇಸಾಯ, ಬೇಸಿಗೆ ರಜೆಯಲ್ಲಿ ಪಾಠ. ಜಗಲಿಯ ಮೇಲೆ ಕಾಲು ಮಡಚಿ ಕೂತು ತಾಳ ಹಿಡಿದು ಹಾಡುತ್ತಿದ್ದ. ಅಟ್ಟದ ಮೇಲೆ ಹುಲ್ಲಿನಲ್ಲಿ ಹಣ್ಣಾಗುತ್ತಿದ್ದ ಇಶಾಡು ಮಾವಿನ ವಾಸನೆ ಕೆಳಗಿಳಿದು ಬಣ್ಣದ ವಾಸನೆಗೆ ಸೇರುತ್ತಿತ್ತು. ಹುಡುಗಿಯರಿಗೆ ಪಾಠವಿರಲಿಲ್ಲ. ನಾನು ಭತ್ತದ ಕಣಜಕ್ಕೆ ಒರಗಿ ನೋಡಿ ನೋಡಿ ಹೆಜ್ಜೆ ಕಲಿತಿದ್ದೆ. ಆ ವರ್ಷ ಅರಸುಕುಮಾರನಾಗಬೇಕಿದ್ದ ಹುಡುಗನಿಗೆ ಮೈಮೇಲೆ ಅಮ್ಮ ಎದ್ದಿತು. ಆಟಕ್ಕೆ ನಾಲ್ಕೇ ದಿನ. ಅಜ್ಜ ನನ್ನನ್ನು ಕರೆದು ಹೆಜ್ಜೆ ಹಾಕಿಸಿ ನೋಡಿದ. ಅವ್ವ ಬಾಗಿಲಲ್ಲಿ ನಿಂತು, “ಹೆಣ್ಣುಮಗು ಮಾವಾ, ಜನ ಏನಂತಾರೆ” ಎಂದಳು. ಅಜ್ಜ ತಾಳ ಕೆಳಗಿಡದೆ, “ಗಣಪು ಸೀರೆ ಉಟ್ಟು ರಾಣಿ ಆಗ್ತಾನೆ. ಅದಕ್ಕೆ ಜನ ಏನಂದ್ರು?” ಎಂದ. ಗಣಪು ಎಂದರೆ ದೊಡ್ಡಪ್ಪನ ಮಗ ಗಣಪಣ್ಣ, ನನಗಿಂತ ಐದು ವರ್ಷ ದೊಡ್ಡವನು, ನನ್ನ ತಾಯಿಯ ವೇಷ ಅವನದು.

ಈಗ ಆ ಮನೆಯ ನಿಯಮವೊಂದನ್ನು ಹೇಳಬೇಕು. ಬೇರೆ ಮೇಳಗಳಲ್ಲಿ ಇದನ್ನು ನಾನು ಕೇಳಿಲ್ಲ, ಅಜ್ಜನೇ ಕಟ್ಟಿದ್ದಿರಬಹುದು. ರಂಗದಲ್ಲಿ ಸತ್ತವರನ್ನು ಕರೆದು ತರಬೇಕು. ಸಾಯುವ ವೇಷದವನು ಚೌಕಿಗೆ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಬಂದು ಕೂರಬೇಕು. ಬಣ್ಣ ಒರೆಸುವ ಮೊದಲು, ಕನ್ನಡಿ ನೋಡುವ ಮೊದಲು, ಮನೆಯವರು ಯಾರಾದರೂ ಅವನನ್ನು ಮನೆಯಲ್ಲಿ ಕರೆಯುವ ಹೆಸರಿನಿಂದ ಮೂರು ಸಲ ಕರೆಯಬೇಕು. ಶಾಲೆಯ ಹೆಸರು ನಡೆಯದು. ಮೂರು ಸಲವೂ ಅವನು ‘ಓ’ ಅನ್ನಬೇಕು, ಆಮೇಲೆ ಬೆಲ್ಲದ ತುಂಡು ಕಚ್ಚಬೇಕು. ಮನೆಯವರು ಹತ್ತಿರ ಇಲ್ಲದಿದ್ದರೆ ಅಜ್ಜನೇ ಕರೆಯುತ್ತಿದ್ದ. ಮೇಳಕ್ಕೆ ಸೇರುವವರ ಕರೆಯುವ ಹೆಸರನ್ನು ಮೊದಲ ದಿನವೇ ಕೇಳಿಟ್ಟುಕೊಂಡಿರುತ್ತಿದ್ದ. ರಾಕ್ಷಸ ವೇಷದ ತಿಮ್ಮಣ್ಣ ಬಾಗಿಲಲ್ಲಿ ಅಡ್ಡಕ್ಕೆ ತಿರುಗಿ ಬರುವಷ್ಟು ದಪ್ಪ ಮನುಷ್ಯ. ಅವನ ಕರೆಯುವ ಹೆಸರು ಪಾಪಚ್ಚಿ. “ಪಾಪಚ್ಚೀ” ಎಂದು ಅಜ್ಜ ಕರೆದರೆ ಮುಖದ ತುಂಬ ಬಿಳಿ ಚಿಟ್ಟೆ, ಅಂದರೆ ಅಕ್ಕಿಹಿಟ್ಟಿನ ಮುಳ್ಳುಚುಕ್ಕೆ, ಇಟ್ಟುಕೊಂಡ ಆ ರಾಕ್ಷಸ ಕೈಕಟ್ಟಿ “ಓ” ಅನ್ನುತ್ತಿದ್ದ. ಹುಡುಗರು ಬಿದ್ದು ಬಿದ್ದು ನಗುವರು. “ನಗ್ರಿ, ನಗ್ರಿ,” ಎನ್ನುತ್ತಿದ್ದ ಅಜ್ಜ, “ನಿಮ್ಮ ಪಾಳಿ ಬಂದಾಗ ನಾನೂ ನಗ್ತೇನೆ.” ನಾನು ಒಮ್ಮೆ, ಕರೆಯದಿದ್ದರೆ ಏನಾಗ್ತದೆ ಎಂದು ಕೇಳಿದ್ದೆ. “ಅರ್ಧ ದಾರಿಯಲ್ಲಿ ನಿಂತಿರ್ತಾನೆ, ಮಗಾ. ಮೈ ಬರ್ತದೆ, ಅವ ಬರೋದಿಲ್ಲ.” ಇದನ್ನು ಅಜ್ಜ ಹೀಗೆಯೇ ಹೇಳಿದನೆಂದು ಪ್ರಮಾಣ ಮಾಡಲಾರೆ. ನನ್ನ ಭಯ ಈ ವಾಕ್ಯವನ್ನು ಇಷ್ಟು ವರ್ಷ ಉಜ್ಜಿ ನುಣುಪು ಮಾಡಿದೆ.

ಪಾಠ ಮುಗಿಯುವ ದಿನ ಊಟದ ನಂತರ ಅಂಗಳದಲ್ಲೇ ಆಟ. ನಾನು ಹುತ್ತಕ್ಕೆ ಕೈ ಹಾಕಿದೆ, ಹಾವು ಕಚ್ಚಿತು, ಮೂರು ಸುತ್ತು ತಿರುಗಿ ಬಿದ್ದೆ. ಮೇಲೆ ಬಿಳಿ ಪಂಚೆ ಹೊದೆಸಿದರು. ತೆರೆ ಹಿಡಿಯುವವರೆಗೂ ಕಣ್ಣು ಬಿಡಬೇಡ, ಯಾರು ಏನಂದರೂ ಏಳಬೇಡ ಎಂದು ಅಜ್ಜ ಹೇಳಿಕೊಟ್ಟಿದ್ದ. ರಾಣಿ ನನ್ನ ಮೇಲೆ ಬಿದ್ದು ಅತ್ತಳು. ಗಣಪಣ್ಣನ ಬಾಯಿಂದ ಮಾವಿನ ವಾಸನೆ ಬರುತ್ತಿತ್ತು. ಅಜ್ಜ ಶೋಕದ ಪದ ಎತ್ತಿಕೊಂಡ. ಎರಡನೆಯ ಸಾಲಿನ ನಡುವೆ ಹಾಡು ನಿಂತಿತು. ಮದ್ದಳೆ ನಾಲ್ಕೈದು ಪೆಟ್ಟು ಒಂಟಿಯಾಗಿ ನಡೆದು ಅದೂ ನಿಂತಿತು. ತಾಳ ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದು. ಆಮೇಲೆ ಕಾಲುಗಳ ಸದ್ದು, ಅವ್ವನ ಕೂಗು, ಮಂಚ ಎತ್ತಿದ ಸದ್ದು, ಟೆಂಪೋ ಶುರುವಾದ ಸದ್ದು. ನಾನು ಕಣ್ಣು ಬಿಡಲಿಲ್ಲ. ತೆರೆ ಹಿಡಿದಿರಲಿಲ್ಲವಲ್ಲ. ಬೆಳಕು ಪಂಚೆಯೊಳಗೆ ಹಾಲಿನ ಹಾಗಿತ್ತು, ಉಸಿರಿಗೆ ಬಟ್ಟೆ ಮೂಗಿಗಂಟಿ ಬಿಡುತ್ತಿತ್ತು, ಒಂದು ಇರುವೆ ಹಿಮ್ಮಡಿಯಿಂದ ಮೇಲಕ್ಕೆ ಬಂತು. ಮಾವಿನ ಮರದ ನೆರಳು ನನ್ನ ಕಾಲಿನಿಂದ ಎದೆಯವರೆಗೆ ಬಂದು ಬಟ್ಟೆ ಕಪ್ಪಾಯಿತು. ಅಂಗಳದಲ್ಲಿ ಯಾರೂ ಇರಲಿಲ್ಲ. ಕೊನೆಗೆ ಯಾರೋ ಎತ್ತಿದರು, ಬಾವಿಕಟ್ಟೆಯಲ್ಲಿ ಮುಖ ತೊಳೆದರು. ನೀರು ಹಳದಿಯಾಗಿ ಹರಿಯಿತು. ಯಾರೂ ನನ್ನನ್ನು ಕರೆಯಲಿಲ್ಲ.

ಮರುದಿನ ಆಸ್ಪತ್ರೆಗೆ ಕರೆದೊಯ್ದರು. ಅಜ್ಜನ ಬಾಯಿ ಒಂದು ಬದಿಗೆ ವಾಲಿತ್ತು, ಮಾತು ಹೋಗಿತ್ತು. ನನ್ನನ್ನು ಕಂಡು ಕಣ್ಣು ಅಗಲವಾಯಿತು. ತುಟಿ ಕೂಡಿತು, ತೆರೆಯಿತು, ಮತ್ತೆ ಕೂಡಿತು. ನನ್ನ ಕರೆಯುವ ಹೆಸರು ತುಟಿ ಕೂಡಿಸಿ ಶುರುವಾಗುತ್ತದೆ. ನೀರು ಬೇಕೆಂದು ಕೇಳಿದ್ದೂ ಇರಬಹುದು. ಬಾಯಾರಿದ ಯಾರ ತುಟಿಯೂ ಹಾಗೆಯೇ ಆಡುತ್ತದೆ. ಆದರೆ ಮೂರು ಸಲ ಆಡಿತು, ಅಥವಾ ಆಮೇಲೆ ನಾನೇ ಅದನ್ನು ಮೂರು ಮಾಡಿದ್ದೇನೆ. ಆ ಓರೆ ಬಾಯಿ ಕಂಡು ಹೆದರಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ‘ಓ’ ಅನ್ನಲಿಲ್ಲ. ಮೂರನೆಯ ದಿನ ಅಜ್ಜ ಹೋದ. ಆ ವರ್ಷದಿಂದ ಮನೆಯಲ್ಲಿ ಪಾಠ ನಿಂತಿತು. ಕಿರೀಟದ ಪೆಟ್ಟಿಗೆಗಳನ್ನೂ ಅಜ್ಜನ ಕೈಬರಹದ ಪುಸ್ತಕಗಳನ್ನೂ ಮೇಳದವರು ಒಯ್ದರು.

ಶಾಲೆ ಶುರುವಾದ ಮೇಲೆ ಹಾಜರಿ ಕರೆಯುವಾಗ ನಾನು ‘ಹಾಜರ್’ ಎಂದು ಕೂಗಿ, ಮಾಸ್ತರರು ಪುಸ್ತಕದಲ್ಲಿ ನಿಜವಾಗಿ ಬರೆದರೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರದಿದ್ದರೆ ನಾನು ಅವರಿಗೆ ಕಾಣುತ್ತಿಲ್ಲವೇನೋ ಅನ್ನಿಸುತ್ತಿತ್ತು. ಮದುವೆಯ ದಿನ, ಮಗಳು ಹುಟ್ಟಿದ ದಿನ, ಗಂಡ ತೀರಿಕೊಂಡ ದಿನ, ಎಲ್ಲ ದಿನವೂ ಒಂದು ಬಟ್ಟೆಯ ಆಚೆ ನಡೆಯುತ್ತಿದ್ದಂತೆ ಇತ್ತು. ಎಲ್ಲರಿಗೂ ಹಾಗೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ನಿಮಗೂ ಮನೆಯಲ್ಲಿ ಕರೆಯುವ ಹೆಸರೊಂದು ಇದ್ದಿರಬೇಕು. ಅದನ್ನು ಕರೆಯಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ ಎಂದು ಎಣಿಸಿ ನೋಡಿ. ನನ್ನದನ್ನು ಇಲ್ಲಿ ಬರೆಯಲಾರೆ. ನಮ್ಮ ಮನೆಯವರಲ್ಲದವರ ಬಾಯಿಗೆ ಅದು ಸಿಗುವುದು ನನಗೆ ಹೆದರಿಕೆ.

ಆಟದ ಹಿಂದಿನ ದಿನ ಗಣಪಣ್ಣನಿಗೆ ಫೋನ್ ಮಾಡಿದೆ. ಸದಾಶಿವಗಡದಲ್ಲಿ ಮಗನ ಅಂಗಡಿಯಲ್ಲಿ ಕೂರುತ್ತಾನೆ. ಅಂದಿನ ಅಂಗಳವನ್ನು ನೋಡಿದ ನಮ್ಮ ಮನೆಯವರಲ್ಲಿ ಉಳಿದಿರುವುದು ಅವನೊಬ್ಬನೇ.

“ಅಣ್ಣಾ, ಅಜ್ಜ ಬಿದ್ದ ದಿನ ನನ್ನನ್ನು ಯಾರಾದ್ರೂ ಕರ್ದಿದ್ರಾ?”

“ಇಷ್ಟು ವರ್ಷ ಆದ್ಮೇಲೆ ಎಂತಕ್ಕೆ ತಂಗಿ ಅದು? ಕರ್ದಿದ್ರು. ನಿನ್ನವ್ವ ಬಾವಿಕಟ್ಟೆ ಮೇಲೆ ಕರ್ದಿದ್ಲು.”

“ನೀನು ಟೆಂಪೋ ಹಿಂದೆ ಓಡಿದ್ದೆ. ಸೀರೆ ಎತ್ತಿ ಹಿಡ್ಕೊಂಡು.”

“ಓಡಿದ್ದೆ, ವಾಪಸ್ಸೂ ಬಂದಿದ್ದೆ. ಐದು ನಿಮಿಷ ಸಹ ಆಗಿಲ್ಲ. ನೀ ಅಲ್ಲೇ ಸತ್ತ್ಕೊಂಡೇ ಇದ್ದೆ. ಎಂಥಾ ಪಾರ್ಟು ಮಾರಾಯ್ತಿ.” ಅವನು ನಕ್ಕ. ನೆರಳು ಎದೆಯವರೆಗೆ ಬಂದದ್ದು ಐದು ನಿಮಿಷದಲ್ಲಿ ಆಗುವುದಿಲ್ಲ. ನಮ್ಮಿಬ್ಬರಲ್ಲಿ ಒಬ್ಬರದು ಸುಳ್ಳು.

“ಎಷ್ಟು ಸಲ ಕರೆದ್ಲು?”

“ಅದೆಲ್ಲ ಯಾರು ಲೆಕ್ಕ ಇಡ್ತಾರೆ.”

“ಏನಂತ ಕರೆದ್ಲು?”

“ನಿನ್ನ ಹೆಸರು ಹಿಡ್ದು.” ಅವನ ಹಿಂದೆ ಮೀನು ಮಾರುವವಳ ಸೈಕಲ್ ಹಾರ್ನ್ ಕೇಳಿಸಿತು. “ತಡಿ. ಏನಿತ್ತೇ ನಿಂಗೆ ಕರೆಯೋ ಹೆಸರು? ನಾಲಗೆ ಮೇಲೇ ಉಂಟು. ನೀನೇ ಹೇಳಿಬಿಡು.”

ನಾನು ಹೇಳಲಿಲ್ಲ. ಹೇಳಿಕೊಟ್ಟು ಕರೆಸಿಕೊಂಡರೆ ಅದು ಕರೆಯಲ್ಲ. ಫೋನ್ ಇಟ್ಟುಬಿಟ್ಟೆ.

ರವಿವಾರ ಸಭಾಗೃಹದ ಎರಡನೆಯ ಸಾಲಿನಲ್ಲಿ ಕೂತಿದ್ದೆ. ಮಕ್ಕಳು ಚೆನ್ನಾಗಿ ಕುಣಿದರು, ಒಬ್ಬಳ ಕಿರೀಟ ಜಾರಿ ಮೂಗಿನ ಮೇಲೆ ಕೂತಿತು, ಜನ ಚಪ್ಪಾಳೆ ತಟ್ಟಿದರು. ಅನಘಾ ಹುತ್ತಕ್ಕೆ ಕೈ ಹಾಕಿದಳು. ಮೂರು ಸುತ್ತು ತಿರುಗಿ ಬಿದ್ದಳು. ಮಗಳು ಮನೆಯಿಂದ ಕಳಿಸಿದ ಪಂಚೆ, ನನ್ನ ಗಂಡನದು, ಅವಳ ಮೇಲೆ ಹೊದೆಸಿದರು. ಪಂಚೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಒಂದು ಹಂತದಲ್ಲಿ ಅದು ಏರಿಳಿಯುತ್ತಿಲ್ಲ ಅನ್ನಿಸಿತು. ಎರಡನೆಯ ಸಾಲು ಬಂತು. ಮೈಕಿನ ಮುಂದೆ ಕೂತ ಎಳೆಯ ಭಾಗವತ ಅದರ ನಡುವೆ ಉಸಿರೆಳೆದುಕೊಂಡ, ನಾನು ಕುರ್ಚಿಯ ಹಿಡಿ ಹಿಡಿದುಕೊಂಡೆ. ಅವನು ಸಾಲು ಮುಗಿಸಿದ. ಆ ಸಾಲು ಹೇಗೆ ಮುಗಿಯುತ್ತದೆ ಎಂದು ಇಷ್ಟು ವರ್ಷ ನನಗೆ ನೆನಪಿಗೆ ಬಂದಿರಲಿಲ್ಲ. ತೆರೆ ಹಿಡಿದರು.

ಚೌಕಿಯೆಂದರೆ ಒಂದು ತರಗತಿ ಕೋಣೆ, ಬೆಂಚುಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಕುಣಿತ ಕಲಿಸುವ ಟೀಚರ್ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಅನಘಾಳ ಕೆನ್ನೆಗೆ ತಂದಿದ್ದಳು. ಇಪ್ಪತ್ತೈದರ ಹುಡುಗಿ, ಈ ಮಂಡಳಿಯಲ್ಲೇ ಕಲಿತವಳು.

“ಒಂದು ನಿಮಿಷ ತಡಿ ಮಗಾ. ಇವಳನ್ನು ಕರೀಬೇಕು.”

“ಇಲ್ಲೇ ಇದ್ದಾಳಲ್ಲ ಅಜ್ಜಿ,” ಎಂದಳು ಅವಳು.

ಬಾಯಿ ತೆರೆದವಳು ಹಾಗೇ ನಿಂತೆ. ಅನಘಾಳಿಗೆ ಕರೆಯುವ ಹೆಸರೇ ಇರಲಿಲ್ಲ. ಶಾಲೆಯಲ್ಲೂ ಅನಘಾ, ಮನೆಯಲ್ಲೂ ಅನಘಾ. ಹತ್ತು ವರ್ಷದಲ್ಲಿ ಒಂದು ಹೆಸರು ಇಟ್ಟು ಕರೆಯಲು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ. ಬಣ್ಣದ ಮುಖದಲ್ಲಿ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಆಗ ನನ್ನ ಬಾಯಿಂದ ಬಂದದ್ದು ನನ್ನದೇ ಹೆಸರು. ನನ್ನ ದನಿಯಲ್ಲಿ ಅದನ್ನು ನಾನು ಎಂದೂ ಕೇಳಿರಲಿಲ್ಲ.

“ಯಾರನ್ನ ಕರೀತಿದ್ದಿ ಅಜ್ಜಿ?”

“ನಿನ್ನನ್ನೇ. ಓ ಅನ್ನು.”

“ಓ,” ಎಂದಳು, ಟೀಚರ್ ಕಡೆ ನೋಡಿ ನಗು ತಡೆದುಕೊಂಡು. ಮೂರು ಸಲ ಕರೆದೆ, ಮೂರು ಸಲ ಅಂದಳು. ಸೆರಗಿನ ಗಂಟಿನಿಂದ ಬೆಲ್ಲ ಬಿಚ್ಚಿ ಕೊಟ್ಟೆ. “ಹಲ್ಲಿಗೆ ಅಂಟ್ತದೆ,” ಎಂದು ಗೊಣಗುತ್ತ ಕಚ್ಚಿದಳು. ಅವಳು ಬಂದಳು, ಅದು ಖಂಡಿತ. ಆದರೆ ಅವಳನ್ನು ಕರೆತರಲು ನನ್ನ ಬಳಿ ಇದ್ದ ಒಂದೇ ಹೆಸರನ್ನು ಕೊಟ್ಟುಬಿಟ್ಟಿದ್ದೆ.

ಮನೆಗೆ ನಡೆದು ಬರುವಾಗ ಇನ್ನೂ ಬಿಸಿಲಿತ್ತು. ಅವಳ ಕಿವಿಯ ಹಿಂದೆ ಹಳದಿ ಉಳಿದಿತ್ತು. ಸ್ವಲ್ಪ ದೂರ ಸುಮ್ಮನೆ ಬಂದವಳು, “ಅದು ನಿನ್ನ ಹೆಸರಲ್ವಾ?” ಎಂದಳು. ಹೇಗೆ ಗೊತ್ತಾಯಿತು ಎಂದೆ. “ನಾನು ಓ ಅನ್ನೋ ಮೊದ್ಲೇ ನಿನ್ನ ಬಾಯಿ ಓ ಅಂತಿತ್ತು.” ನನಗೆ ಅದು ನೆನಪಿಲ್ಲ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಉಳಿದು ಅವಳು ಆ ಹೆಸರು ಹಿಡಿದು ನನ್ನನ್ನು ಕರೆದಳು, ಬೆಲ್ಲದ ಬಾಯಿಯಲ್ಲಿ, ಆಟಕ್ಕೆ. “ಓ” ಎಂದೆ. ಇನ್ನೊಂದು ಸಲ ಕರೆದಳು. “ಓ” ಎಂದೆ. ಅಷ್ಟರಲ್ಲಿ ರಾಣಿಯಾಗಿದ್ದ ಹುಡುಗಿ ಅಪ್ಪನ ಸ್ಕೂಟರಿನ ಹಿಂದೆ ಕೂತು ಕೈಬೀಸುತ್ತ ಹೋದಳು, ಅನಘಾ ಅವಳ ಹೆಸರು ಕೂಗುತ್ತ ಓಡಿದಳು. ನಾನು ರಸ್ತೆಯ ಬದಿಯಲ್ಲಿ, ಹಿಂದಿರುಗಿ ನೋಡದೆ, ನಿಂತೇ ಇದ್ದೆ.

ತಿಂಗಳಾಯಿತು. ಅವಳು ಮರೆತಿದ್ದಾಳೆ. ನಾನು ನೆನಪಿಸಿಲ್ಲ. ಅವಳು ಪಕ್ಕದ ಕೋಣೆಯಿಂದ ಅಜ್ಜೀ ಎಂದಾಗಲೆಲ್ಲ ಉಸಿರು ಹಿಡಿಯುತ್ತೇನೆ. ಬೇಗ ಕರೆಯಲಿ ಎಂದು ಒಮ್ಮೆ ಅನ್ನಿಸುತ್ತದೆ. ಬೇಡ, ಉಳಿದ ಆ ಒಂದು ಕರೆಯನ್ನು ನಾನು ನಿಜವಾಗಿ ಪಂಚೆಯ ಕೆಳಗೆ ಮಲಗುವ ದಿನಕ್ಕೆ ಅವಳು ಇಟ್ಟುಕೊಳ್ಳಲಿ ಎಂದು ಇನ್ನೊಮ್ಮೆ.